ಬಾಸ್ಟನ್ ಪಾಪ್ಸ್: ಒಂದೇ ರಿಹರ್ಸಲ್‌ನಲ್ಲಿ ಅತಿಥಿ ಕಲಾವಿದರ ಜೊತೆ ಹೇಗೆ ಹೊಂದಿಸುತ್ತಾರೆ? ಎಲ್ಲಿ ಕೂರಬೇಕು, ಯಾರನ್ನು ನೋಡಬೇಕು?

ಚಾಮುಂಡಿಪುರಂ_ಶ್ರೀ

ಮೇ ತಿಂಗಳಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. ಇಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್‌ನಲ್ಲಿ, ಲಘು ಶಾಸ್ತ್ರೀಯ ಮತ್ತು ಜನಪ್ರಿಯ ಸಂಗೀತ ನುಡಿಸುವ ಆರ್ಕೆಸ್ಟ್ರಾ ಬಾಸ್ಟನ್ ಪಾಪ್ಸ್‌ನ ಕಛೇರಿಗೆ ಕರೆದುಕೊಂಡು ಹೋಗುವ ಯೋಚನೆ. ದಸರೆಯ ಪೊಲೀಸ್ ಬ್ಯಾಂಡ್ ಕೇಳಿ ಕೇಳಿ ಅಪ್ಪನಿಗೆ ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್ ಎಲ್ಲ ಚೆನ್ನಾಗಿ ಗೊತ್ತು. ಪಿಟೀಲಿನ ದೊಡ್ಡ ದಂಡೇ ಇರುವ ಆರ್ಕೆಸ್ಟ್ರಾವನ್ನು ಮಾತ್ರ ಎದುರು ಕೂತು ಕೇಳಿಲ್ಲ.

ಕೇಳಬೇಕಾದ್ದು ಮೂರು. ಅತಿಥಿ ಗಾಯಕರು ಬಂದಾಗ ಬಹುಪಾಲು ಒಂದೇ ರಿಹರ್ಸಲ್ ಅಂತೆ. ಅಷ್ಟು ಜನ ಅಷ್ಟರಲ್ಲೇ ಹೇಗೆ ಸಿದ್ಧವಾಗುತ್ತಾರೆ? ಕೆಳಗಡೆ ಮೇಜಿನ ಸೀಟು ತೆಗೆದುಕೊಳ್ಳಲೋ, ಬಾಲ್ಕನಿಯೋ? ಅತಿಥಿಯನ್ನು ಬಿಟ್ಟು ಆರ್ಕೆಸ್ಟ್ರಾದ ಒಳಗೇ ಕಣ್ಣಿಡಬೇಕಾದವರು ಯಾರು?

ಐದುಗೆರೆ

ಮೊದಲನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಉಳಿದದ್ದಕ್ಕೆ ಬೇರೆಯವರಿದ್ದಾರೆ.

ಒಂದೇ ರಿಹರ್ಸಲ್ ಅನ್ನುವುದು ನಿಜ. ಅಮೆರಿಕದ ವೃತ್ತಿಪರ ಆರ್ಕೆಸ್ಟ್ರಾಗಳಲ್ಲಿ ಒಂದು ರಿಹರ್ಸಲ್ ಎಂದರೆ ಸಾಮಾನ್ಯವಾಗಿ ಎರಡೂವರೆ ಗಂಟೆ, ಬ್ರೇಕ್ ಕೂಡ ಅದರೊಳಗೇ. ವೇಳೆ ಮೀರಿದರೆ ಅಷ್ಟೂ ಜನರಿಗೆ ಓವರ್‌ಟೈಮ್ ಕೊಡಬೇಕು. ಕಛೇರಿಯಲ್ಲಿ ಒಂದೂಕಾಲು ಗಂಟೆಯ ಸಂಗೀತ ಇದ್ದರೆ ಪ್ರತಿ ಹಾಡನ್ನೂ ಎರಡು ಸಲ ನುಡಿಸಿ ನೋಡುವಷ್ಟು ಹೊತ್ತೂ ಸಿಗುವುದಿಲ್ಲ. ಆದ್ದರಿಂದ ಮುಕ್ಕಾಲು ಕೆಲಸ ವೇದಿಕೆ ಹತ್ತುವ ಮುಂಚೆ ಕಾಗದದ ಮೇಲೇ ಮುಗಿದಿರಬೇಕು.

ಮೊದಲು ನಿಶ್ಚಯವಾಗಬೇಕಾದ್ದು ಶ್ರುತಿ. ನಮ್ಮ ಕಛೇರಿಯಲ್ಲಿ ಗಾಯಕಿ "ಇವತ್ತು ಗಂಟಲು ಸರಿಯಿಲ್ಲ, ಅರ್ಧ ಮನೆ ಇಳಿಸೋಣ" ಅಂದರೆ ತಂಬೂರಿ, ಪಿಟೀಲು ಇಳಿಸಿಕೊಂಡು ಬೇರೆ ಮೃದಂಗ ಇಟ್ಟುಕೊಂಡರೆ ಆಯಿತು. ಪಾಪ್ಸ್‌ನಲ್ಲಿ ಆ ಅರ್ಧ ಮನೆಯ ಬೆಲೆ ನೋಡಿ. ಮೊದಲ ಪಿಟೀಲು 12, ಎರಡನೇ ಪಿಟೀಲು 10, ವಿಯೋಲಾ 8, ಚೆಲ್ಲೋ 6, ಡಬಲ್ ಬಾಸ್ 4 ಎಂದಿಟ್ಟುಕೊಂಡರೆ ತಂತಿವಾದ್ಯದವರೇ 40 ಜನ. ಇಬ್ಬರಿಗೊಂದು ಸ್ಟ್ಯಾಂಡ್, ಅಲ್ಲಿಗೆ ಸ್ವರಲಿಪಿಯ 20 ಪ್ರತಿ. ಊದುವ ವಾದ್ಯ, ತಾಳವಾದ್ಯ, ಹಾರ್ಪ್‌ನವರಿಗೆ ತಲೆಗೊಂದು ಪ್ರತಿ. ಇವೆಲ್ಲವನ್ನೂ ಹೊಸದಾಗಿ ಬರೆದು, ತಪ್ಪು ತಿದ್ದಿ, ಮುದ್ರಿಸಬೇಕು. ಬಿ ಫ್ಲ್ಯಾಟ್ ಕ್ಲಾರಿನೆಟ್, ಬಿ ಫ್ಲ್ಯಾಟ್ ಟ್ರಂಪೆಟ್‌ಗಳ ಲಿಪಿ ಕೇಳುವ ಸ್ವರಕ್ಕಿಂತ ಒಂದು ಪೂರ್ತಿ ಮನೆ ಮೇಲಿರುತ್ತದೆ, ಫ್ರೆಂಚ್ ಹಾರ್ನ್‌ನದು ಪಂಚಮದಷ್ಟು ಮೇಲೆ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ನಾದವೂ ಬದಲಾಗುತ್ತದೆ. ಪಿಟೀಲಿನ ನಾಲ್ಕು ಖಾಲಿ ತಂತಿ ಜಿ, ಡಿ, ಎ, ಇ. ಡಿ ಸ್ವರವನ್ನೇ ಷಡ್ಜವಾಗಿ ಹಿಡಿದ ಡಿ ಮೇಜರ್‌ನಲ್ಲಿ ಈ ನಾಲ್ಕೂ ಸ್ವರಗಳಿವೆ. ನೀವು ಮುಟ್ಟದ ತಂತಿಯೂ ಜೊತೆಗೆ ಕಂಪಿಸಿ ನಾದ ತುಂಬಿ ಬರುತ್ತದೆ. ಅದನ್ನೇ ಅರ್ಧ ಮನೆ ಇಳಿಸಿ ಡಿ ಫ್ಲ್ಯಾಟ್ ಮಾಡಿದರೆ ಆ ನಾಲ್ಕರಲ್ಲಿ ಒಂದೂ ಉಳಿಯುವುದಿಲ್ಲ. ಅದೇ ಹಾಡು, ಅದೇ ಕಲಾವಿದರು, ಆದರೂ ತಂತಿಗಳ ಹೊಳಪು ಮಂಕಾಗುತ್ತದೆ. ಹಾಡನ್ನು ಆರ್ಕೆಸ್ಟ್ರಾಗೆ ಹೊಂದಿಸಿ ಬರೆಯುವ ಒಳ್ಳೆಯ ಅರೇಂಜರ್ ಗಾಯಕರ ಶ್ರುತಿಯನ್ನು ವಾರಗಳ ಮೊದಲೇ ಕೇಳಿ ತಿಳಿದುಕೊಂಡು, ಆಮೇಲೆಯೇ ತಂತಿಗಳಿಗೆ ಏನು ಬರೆಯಬೇಕೆಂದು ತೀರ್ಮಾನಿಸುತ್ತಾರೆ.

ಅದಾದ ಮೇಲೆ ಬೋಯಿಂಗ್. ಕಮಾನು ಎಳೆಯುವುದೋ ತಳ್ಳುವುದೋ ಎಂಬುದನ್ನು ಕನ್ಸರ್ಟ್‌ಮಾಸ್ಟರ್ (ಮೊದಲ ಪಿಟೀಲುಗಳ ಮುಖ್ಯಸ್ಥರು) ಗುರುತು ಹಾಕಿ ಕೊಡುತ್ತಾರೆ, ಲೈಬ್ರರಿಯವರು ಅದನ್ನು ಎಲ್ಲ ಪ್ರತಿಗಳಿಗೂ ಇಳಿಸುತ್ತಾರೆ. ಅತಿಥಿಯ ತಂಡ ತಂದ ಪ್ರತಿಗಳಲ್ಲಿ ಬೋಯಿಂಗ್ ಇಲ್ಲದಿದ್ದರೆ ರಿಹರ್ಸಲ್‌ನ ಮೊದಲ ಅರ್ಧ ಗಂಟೆ ಅದಕ್ಕೇ ಸೋರಿಹೋಗುತ್ತದೆ. ಪುಟ ತಿರುಗಿಸುವ ಜಾಗವೂ ಮುಖ್ಯ. ಸ್ಟ್ಯಾಂಡ್‌ನ ಒಳಬದಿಗೆ ಕೂತವರು ಪುಟ ತಿರುಗಿಸುವಾಗ ಆ ವಿಭಾಗದ ಅರ್ಧ ಧ್ವನಿ ನಿಲ್ಲುತ್ತದೆ. ಬಲಪುಟದ ಕೊನೆಗೆ ವಿರಾಮ ಬರುವ ಹಾಗೆ ಜೋಡಿಸದ ಪ್ರತಿಯಲ್ಲಿ ಹಾಡಿನ ನಟ್ಟನಡುವೆ ಪಿಟೀಲುಗಳು ಸಣಕಲಾಗಿ ಕೇಳುತ್ತವೆ.

ಕೊನೆಯದು ವ್ಯಾಂಪ್. ಗಾಯಕರು ಮಾತಾಡುವಾಗ ಹಿಂದೆ ಎರಡೋ ನಾಲ್ಕೋ ಆವರ್ತ ಸುತ್ತುತ್ತಲೇ ಇರುತ್ತದಲ್ಲ, ಅದು. ಅಲ್ಲಿಂದ ಹೊರಬರುವುದು ಎದುರು ನಿಂತು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಎಡಗೈ ಸನ್ನೆಯಿಂದ. ಪ್ರತಿಯಲ್ಲಿ ಬರೀ "4 ಸಲ" ಅಂತ ಇದ್ದು, ಆ ರಾತ್ರಿ ಮಾತು ಉದ್ದವಾದರೆ ಅರ್ಧ ಜನ ಮುಂದಕ್ಕೆ ಹೋಗಿಬಿಡುತ್ತಾರೆ, ಅರ್ಧ ಜನ ಸುತ್ತುತ್ತಿರುತ್ತಾರೆ. "ಸನ್ನೆ ಬರುವವರೆಗೆ" ಎಂದು ಬರೆದು, ಮುಂದಿನ ಭಾಗಕ್ಕೆ ದೊಡ್ಡಕ್ಷರದ ಗುರುತು ಹಾಕಿದರೆ ಈ ತೊಂದರೆ ಇಲ್ಲ.

ಇಷ್ಟು ಸರಿಯಿದ್ದರೆ ರಿಹರ್ಸಲ್‌ನಲ್ಲಿ ನೋಡಬೇಕಾದ್ದು ಆರಂಭ, ಲಯ ಬದಲಾಗುವ ಜಾಗ, ನಿಲುಗಡೆ, ಮುಕ್ತಾಯ, ಇಷ್ಟೇ. ಹೆಚ್ಚುವರಿ ವಾದ್ಯ ಬೇಕಾಗುವ ಕೃತಿಗಳನ್ನು ಮೊದಲೇ ಮುಗಿಸಿ ಅವರನ್ನು ಬಿಟ್ಟುಬಿಡುತ್ತಾರೆ. ಅತಿಥಿಯನ್ನು ಕರೆಯುವುದು ಸಾಮಾನ್ಯವಾಗಿ ಬ್ರೇಕ್ ಆದಮೇಲೆ.

ಫೇಡರ್

ಐದುಗೆರೆ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅತಿಥಿಯ ಜೊತೆ ಬರುವ ಡ್ರಮ್ಸ್, ಬಾಸ್, ಕೀಬೋರ್ಡ್‌ನವರಿಗೂ ಕಂಡಕ್ಟರ್‌ಗೂ ಲಯದ ಯಜಮಾನ ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ನಡೆ ಗಟ್ಟಿಯಾಗಿರುವ ಹಾಡಿನಲ್ಲಿ ಕಂಡಕ್ಟರ್ ಡ್ರಮ್ಸ್ ಹಿಂದೆ ಹೋಗುತ್ತಾರೆ. ಲಯ ಹಿಗ್ಗಿ ಕುಗ್ಗುವ ಹಾಡಿನಲ್ಲಿ ಡ್ರಮ್ಸ್‌ನವರು ಕಂಡಕ್ಟರ್ ಕೋಲಿನ ಹಿಂದೆ ಬರಬೇಕು. ಇಬ್ಬರೂ ತಾವೇ ಯಜಮಾನರು ಅಂದುಕೊಂಡರೆ ಹಾಡು ಎಳೆದಾಡಿದ ಹಾಗೆ ಕೇಳುತ್ತದೆ.

ಇದಕ್ಕೊಂದು ಭೌತಿಕ ಕಾರಣವೂ ಇದೆ. ಶಬ್ದ ಒಂದು ಮೀಟರ್ ದಾಟಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ತಾಳವಾದ್ಯದವರು ಗಾಯಕರಿಗಿಂತ 12 ಮೀಟರ್ ಹಿಂದಿದ್ದರೆ ಅವರ ಪೆಟ್ಟು ಮುಂದಕ್ಕೆ ತಲುಪುವಾಗ 35 ಮಿಲಿಸೆಕೆಂಡ್ ತಡ. ಅವರೂ ಮುಂದಿನವರನ್ನು ಕೇಳಿಕೊಂಡೇ ನುಡಿಸಿದರೆ ತಡ ಇಮ್ಮಡಿ. ಅನುಭವಿಗಳು ಹಿಂದೆ ಕೂತಾಗ ಕಿವಿಯನ್ನು ನಂಬದೆ ಕಂಡಕ್ಟರ್ ಕೋಲಿಗೆ ಸರಿಯಾಗಿ ಪೆಟ್ಟು ಹಾಕುತ್ತಾರೆ.

ಇನ್ನು ಸೀಟಿನ ವಿಷಯ. ಸಿಂಫನಿ ಹಾಲ್ 1900ರಲ್ಲಿ ತೆರೆದದ್ದು. ವ್ಯಾಲೇಸ್ ಸಬೀನ್ ಎಂಬ ಭೌತವಿಜ್ಞಾನಿಯ ಲೆಕ್ಕಾಚಾರದ ಮೇಲೆ ಕಟ್ಟಿದ, ಪೆಟ್ಟಿಗೆಯಾಕಾರದ ಸಭಾಂಗಣ. ಜನ ತುಂಬಿದಾಗಲೂ ನಾದ ಇಂಗಲು ಎರಡು ಸೆಕೆಂಡಿಗೆ ಹತ್ತಿರ ಬೇಕು. ತಂತಿವಾದ್ಯಗಳಿಗೆ ಇದು ವರ, ಮೈಕ್ ಹಾಕಿದ ಡ್ರಮ್ಸ್‌ಗೆ ಕಷ್ಟ: ಒಂದು ಪೆಟ್ಟು ಇಂಗುವ ಮುಂಚೆ ಮುಂದಿನ ಮೂರು ಪೆಟ್ಟು ಬಿದ್ದಿರುತ್ತವೆ. ಇಂಥ ಸಭಾಂಗಣದಲ್ಲಿ ಡ್ರಮ್ಸ್ ಸುತ್ತ ಪಾರದರ್ಶಕ ಹಲಗೆ ನಿಲ್ಲಿಸುತ್ತಾರೆ, ಬ್ರಷ್ ಅಥವಾ ತೆಳು ಕಡ್ಡಿ ಬಳಸುತ್ತಾರೆ. ಪಿಟೀಲುಗಳ ಮೈಕ್‌ಗೆ ಡ್ರಮ್ಸ್ ನುಗ್ಗಿದರೆ ಪಿಟೀಲು ಏರಿಸಿದಷ್ಟೂ ಡ್ರಮ್ಸ್ ಏರುತ್ತದೆ, ಆಮೇಲೆ ಮಿಕ್ಸರ್ ಮುಂದೆ ಕೂತು ಮಾಡುವುದೇನೂ ಉಳಿದಿರುವುದಿಲ್ಲ.

ಪಾಪ್ಸ್ ಕಾಲದಲ್ಲಿ ಕೆಳಗಿನ ಕುರ್ಚಿ ಸಾಲುಗಳನ್ನು ತೆಗೆದು ಮೇಜು ಹಾಕುತ್ತಾರೆ. ಸಿಂಫನಿ ಕಾಲದಲ್ಲಿ 2,625 ಇರುವ ಆಸನ ಆಗ 2,371ಕ್ಕೆ ಇಳಿಯುತ್ತದೆ. ಮೇಜಿನಲ್ಲಿ ತಿನ್ನುತ್ತಾ ಕುಡಿಯುತ್ತಾ ಆರಾಮಾಗಿ ಕೇಳಬಹುದು, ಅತಿಥಿಯ ಮುಖವೂ ಚೆನ್ನಾಗಿ ಕಾಣುತ್ತದೆ. ಆದರೆ ಪಿಟೀಲಿನ ಸಾಲುಗಳ ಹಿಂದೆ ಇರುವವರು ಮರೆಯಾಗುತ್ತಾರೆ, ಕೆಲವು ಕುರ್ಚಿಗಳು ವೇದಿಕೆಗೆ ಓರೆಯಾಗಿರುವುದರಿಂದ ಕತ್ತು ತಿರುಗಿಸಿಕೊಂಡೇ ಕೂರಬೇಕು. ನಿಮ್ಮ ತಂದೆಯವರಿಗೆ ಹಿತ್ತಾಳೆ ವಾದ್ಯಗಳ ಮೇಲೆ ಪ್ರೀತಿ ಅಂದಿರಿ. ಹಾಗಾದರೆ ಮೊದಲ ಬಾಲ್ಕನಿಯ ನಡುಭಾಗ ತೆಗೆದುಕೊಳ್ಳಿ. ಇಡೀ ಆರ್ಕೆಸ್ಟ್ರಾ ಕಾಣುತ್ತದೆ, ನಾದವೂ ಕೂಡಿ ಬರುತ್ತದೆ. ಸೀಟುಗಳು ಮಾತ್ರ ಹಳೆಯ ಕಾಲದವು, ಇಕ್ಕಟ್ಟು. ವೇದಿಕೆಯ ಮೇಲ್ಗಡೆ ನಡುವೆ ಇರುವ ಫಲಕದಲ್ಲಿ ಬೇತೋವನ್ ಹೆಸರು ಬರೆದಿದೆ, ಸುತ್ತಲಿನ ಬೇರೆ ಫಲಕಗಳೆಲ್ಲ ಖಾಲಿ. ಅಲ್ಲಿಂದ ಅದನ್ನೂ ತೋರಿಸಬಹುದು.

ಖಂಡನಡೆ

ಮೂರನೇ ಪ್ರಶ್ನೆ ನನ್ನ ಇಷ್ಟದ್ದು. ಪಾಪ್ಸ್‌ನಲ್ಲಿ ಕೂರುವವರು ಬಹುಪಾಲು ಬಾಸ್ಟನ್ ಸಿಂಫನಿಯ ಕಲಾವಿದರೇ, ಆದರೆ ಅಲ್ಲಿನ ಮೊದಲ ಕುರ್ಚಿಯವರಲ್ಲಿ, ಅಂದರೆ ಒಂದೊಂದು ವಾದ್ಯದ ಮುಖ್ಯಸ್ಥರಲ್ಲಿ, ಹೆಚ್ಚಿನವರು ಇರುವುದಿಲ್ಲ. ಇತರ ಕಾಲದಲ್ಲಿ ಎರಡನೇ ಕುರ್ಚಿಯಲ್ಲಿರುವವರಿಗೆ ಇಲ್ಲಿ ಸೋಲೋ ಸಿಗುತ್ತದೆ. ಅವರ ಕೈಚಳಕ ನೋಡಲು ಇದೇ ಸರಿಯಾದ ಸಮಯ.

ಈ ಆರ್ಕೆಸ್ಟ್ರಾಗೆ ಅಮೆರಿಕದ ಸಂಗೀತ ರಚನೆಕಾರ ಲೆರಾಯ್ ಆಂಡರ್ಸನ್ ಬರೆದ ಚಿಕ್ಕ ಕೃತಿಗಳಿವೆ, ಒಂದೊಂದೂ ಮೂರು ನಿಮಿಷದ ಆಸುಪಾಸು. 1950ರ 'ದಿ ಟೈಪ್‌ರೈಟರ್'ನಲ್ಲಿ ಸೋಲೋ ವಾದ್ಯ ನಿಜವಾದ ಟೈಪ್‌ರೈಟರ್. ವೇಗವಾಗಿ ಬಡಿದರೆ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಎರಡೇ ಕೀ ಕೆಲಸ ಮಾಡುವಂತೆ ಬಿಟ್ಟು ಉಳಿದವನ್ನು ಕಟ್ಟಿಹಾಕುತ್ತಾರೆ, ಎರಡು ಕಡ್ಡಿಯಲ್ಲಿ ನುಡಿಸಿದ ಹಾಗೆ ಎರಡು ಬೆರಳು ಸರದಿಯಲ್ಲಿ ಬೀಳುತ್ತವೆ. ಯಂತ್ರದ ಸ್ವಂತ ಗಂಟೆ ಹೊಡೆಯುವುದು ಸಾಲು ಮುಗಿದಾಗ, ತಾಳಕ್ಕಲ್ಲ. ಆದ್ದರಿಂದ ಪಕ್ಕದಲ್ಲೊಂದು ಮೇಜಿನ ಗಂಟೆ. ಸಾಲು ಹಿಂದಕ್ಕೆ ಸರಿಯುವ 'ಝರ್' ಸದ್ದಿಗೆ ಗೀರುಗಳಿರುವ ಸೋರೆಬುರುಡೆಯ ವಾದ್ಯ ಉಜ್ಜುತ್ತಾರೆ. ಯಂತ್ರದ ಕೆಳಗೆ ರಬ್ಬರ್ ಹಾಸಿದರೆ ಸದ್ದು ಸತ್ತುಹೋಗುತ್ತದೆ, ಟೊಳ್ಳು ಮರದ ಮೇಜಿನ ಮೇಲಿಟ್ಟರೆ ಬಾಲ್ಕನಿವರೆಗೆ ಹೋಗುತ್ತದೆ.

1954ರ 'ಬ್ಯೂಗ್ಲರ್ಸ್ ಹಾಲಿಡೇ' ಮೂರು ಟ್ರಂಪೆಟ್‌ಗಳಿಗೆ. ನಿಮ್ಮ ತಂದೆಯವರು ಖಂಡಿತ ಕೇಳಬೇಕು. ಆ ವೇಗಕ್ಕೆ ನಾಲಿಗೆಯನ್ನು ಒಂದೇ ಜಾಗದಲ್ಲಿ ಆಡಿಸಿದರೆ ಆಗುವುದಿಲ್ಲ, 'ತುಕು ತುಕು' ಎಂದು ಮುಂದೆ ಹಿಂದೆ ಆಡಿಸಬೇಕು. ನಾಗಸ್ವರದವರ ತುತ್ತುಕಾರ ಕೇಳಿದವರಿಗೆ ತಕ್ಷಣ ಹಿಡಿಯುತ್ತದೆ. 'ಕು' ಯಾವಾಗಲೂ 'ತು'ಗಿಂತ ಮೆದುವಾಗಿ ಬೀಳುವುದೇ ಕಷ್ಟ. ಮೂವರೂ ಅದನ್ನು ಸಮ ಮಾಡಿಕೊಳ್ಳದಿದ್ದರೆ ನಡೆ ಕುಂಟುತ್ತದೆ.

ಹಿಮದ ಮೇಲಿನ ಕುದುರೆ ಬಂಡಿಯ ಸವಾರಿಯನ್ನು ನುಡಿಸುವ ಆಂಡರ್ಸನ್‌ರ 'ಸ್ಲೇ ರೈಡ್' ಮೇ ತಿಂಗಳಲ್ಲಿ ಸಿಗುವುದು ಕಷ್ಟ, ಅದು ಡಿಸೆಂಬರಿನದು. ಆಗ ಯಾರಾದರೂ ಹೋದರೆ ಗೆಜ್ಜೆ ಹಿಡಿದವರ ಕೈ ನೋಡಿ. ಗೆಜ್ಜೆಯ ಹಿಡಿಯನ್ನು ತಲೆಕೆಳಗು ಮಾಡಿ ಹಿಡಿದು ಇನ್ನೊಂದು ಕೈಯಿಂದ ಆ ಮುಷ್ಟಿಯ ಮೇಲೆ ತಟ್ಟುತ್ತಾರೆ. ಸುಮ್ಮನೆ ಅಲ್ಲಾಡಿಸಿದರೆ ಗೆಜ್ಜೆಗಳು ಒಂದೊಂದು ಹೊತ್ತಿಗೆ ಒಂದೊಂದು ನುಡಿದು ತಾಳ ಮಸುಕಾಗುತ್ತದೆ. ಚಾಟಿಯ ಸದ್ದು ಎರಡು ಹಲಗೆ ಜೋಡಿಸಿದ ವಾದ್ಯದ್ದು. ಹಲಗೆಗಳ ಪೂರ್ತಿ ಮೈ ಒಮ್ಮೆಗೇ ಕೂಡಬೇಕು, ಒಂದು ತುದಿ ಮುಂಚೆ ತಾಗಿದರೆ 'ಟಪ್' ಬದಲು 'ಟ್ರಪ್'. ಕೊನೆಯ ಕುದುರೆ ಕೆನೆತ ಟ್ರಂಪೆಟ್ಟಿನದು, ವಾಲ್ವ್ ಅರ್ಧ ಒತ್ತಿ ಸ್ವರ ಜಾರಿಸುವುದು.

ಕೊನೆಗೆ ಸೂಸಾ 1896ರಲ್ಲಿ ರಚಿಸಿದ ಅಮೆರಿಕದ ಪ್ರಸಿದ್ಧ ಮಾರ್ಚ್ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಅದರ ಮೂರನೇ ಭಾಗದಲ್ಲಿ ಪಿಕೊಲೊ ಬಿಟ್ಟು ಬೇರೇನನ್ನೂ ನೋಡಬೇಡಿ ಎಂದು ತಂದೆಯವರಿಗೆ ಹೇಳಿ. ಒಂದು ಅಡಿಯಷ್ಟು ಉದ್ದದ ಕೊಳಲು ಇಡೀ ಹಿತ್ತಾಳೆ ಪಡೆಯ ಮೇಲೆ ಕೇಳುತ್ತದೆ. ಕೊಳಲಿಗಿಂತ ಒಂದು ಸ್ಥಾಯಿ ಮೇಲೆ ನುಡಿಯುವುದರಿಂದ ಅಲ್ಲಿ ಅದಕ್ಕೆ ಎದುರಾಳಿಯೇ ಇಲ್ಲ.

ಕದ್ರಿಗುಡ್ಡ

ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ನುಡಿಸಿದ್ದು ಇದೇ ಸರಣಿಯಲ್ಲಾ?

ಐದುಗೆರೆ

ಅಲ್ಲ. ಅವರು 1994ರಲ್ಲಿ ನುಡಿಸಿದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ (ಪ್ರಾಮೆನಾಡ್ ಕನ್ಸರ್ಟ್) ಸಂಗೀತೋತ್ಸವದಲ್ಲಿ. ಬಾಸ್ಟನ್ನಿನದೂ 1885ರಲ್ಲಿ ಪ್ರಾಮೆನಾಡ್ ಕನ್ಸರ್ಟ್ ಎಂಬ ಹೆಸರಿನಲ್ಲೇ ಶುರುವಾದದ್ದು, ಆದರೆ ಎರಡೂ ಬೇರೆ ದಾರಿ ಹಿಡಿದವು. ಪ್ರಾಮ್ಸ್‌ನಲ್ಲಿ ಪೂರ್ಣ ಸಿಂಫನಿಗಳೇ ಪ್ರಧಾನ. ಪಾಪ್ಸ್‌ನ ಅಚ್ಚು ಆರ್ಥರ್ ಫೀಡ್ಲರ್ ಅವರದು. 1930ರಿಂದ 1979ರವರೆಗೆ ಅವರೇ ಕಂಡಕ್ಟರ್. ಮೊದಲು ಲಘು ಶಾಸ್ತ್ರೀಯ, ನಡುವೆ ಸೋಲೋ ಕಲಾವಿದರು, ಕೊನೆಗೆ ಜನಪ್ರಿಯ ಹಾಡುಗಳು, ಮಧ್ಯೆ ಎರಡು ವಿರಾಮ. ಆಮೇಲೆ ಬಂದ ಜಾನ್ ವಿಲಿಯಮ್ಸ್ ಸಿನಿಮಾ ಸಂಗೀತಕ್ಕೆ ಹೆಚ್ಚಿನ ಜಾಗ ಕೊಟ್ಟರು. 1995ರಿಂದ ಕೀತ್ ಲಾಕ್‌ಹಾರ್ಟ್ ಇದ್ದಾರೆ.

ಚಾಮುಂಡಿಪುರಂ_ಶ್ರೀ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ಬಾಲ್ಕನಿಯೇ ನೋಡುತ್ತೇನೆ. ಜುಲೈ 4ಕ್ಕೂ ಅಪ್ಪ ಇಲ್ಲೇ ಇರುತ್ತಾರೆ. ಅವತ್ತು ನದಿ ದಂಡೆಯಲ್ಲಿ ಪಾಪ್ಸ್ ನಡೆಸುವ ಕಛೇರಿಯಲ್ಲಿ ತೋಪು ಹಾರಿಸುತ್ತಾರಂತೆ. ಜಂಬೂಸವಾರಿಯಲ್ಲಿ ರಾಷ್ಟ್ರಗೀತೆ ಮುಗಿಯುವುದರೊಳಗೆ 21 ಕುಶಾಲತೋಪು ಹಾರುವುದನ್ನು ನೋಡಿದವರು, ಮೊದಲು ಕೇಳಿದ್ದೇ "ಇವರು ತಾಳಕ್ಕೆ ಸರಿಯಾಗಿ ಹಾರಿಸುತ್ತಾರಾ?" ಅಂತ.

ಫೇಡರ್

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಜಂಬೂಸವಾರಿಯಲ್ಲಿ ತೋಪು ಗೌರವಕ್ಕೆ. ಒಟ್ಟು ಸಂಖ್ಯೆ ತುಂಬಬೇಕು, ತಾಳದ ಹಂಗಿಲ್ಲ. ಇಲ್ಲಿ ರಷ್ಯಾದ ರಚನೆಕಾರ ಚೈಕೋವ್ಸ್ಕಿ '1812' ಎಂಬ ತಮ್ಮ ಕೃತಿಯ ಸ್ವರಲಿಪಿಯಲ್ಲೇ 16 ತೋಪು ಬರೆದಿದ್ದಾರೆ, ಮೊದಲು 5, ಮುಕ್ತಾಯದಲ್ಲಿ 11, ಒಂದೊಂದಕ್ಕೂ ನಿಗದಿಯಾದ ಪೆಟ್ಟು. 1974ರಿಂದ ಎಸ್‌ಪ್ಲನೇಡ್ ಎಂಬ ಆ ನದಿ ದಂಡೆಯ ಉದ್ಯಾನದಲ್ಲಿ ಈ ಕೃತಿಗೆ ನಿಜವಾದ ತೋಪು, ಚರ್ಚಿನ ಗಂಟೆ ಎರಡನ್ನೂ ಸೇರಿಸಿಕೊಳ್ಳುತ್ತಿದ್ದಾರೆ.

ತೊಂದರೆ ದೂರದ್ದು. ತೋಪು 170 ಮೀಟರ್ ಆಚೆ ಇದ್ದರೆ ಸದ್ದು ಬರಲು ಅರ್ಧ ಸೆಕೆಂಡ್ ಬೇಕು. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಅದು ಪೂರ್ತಿ ಒಂದು ಪೆಟ್ಟು. ಕಂಡಕ್ಟರ್ ಕೋಲು ನೋಡಿ ಹಾರಿಸಿದರೆ ತಡವಾಗಿಯೇ ಬೀಳುತ್ತದೆ. ಇಂಥ ಕಡೆ ಸ್ವರಲಿಪಿ ಓದಬಲ್ಲ ಒಬ್ಬರು ಹೆಡ್‌ಸೆಟ್‌ನಲ್ಲಿ ಎಣಿಕೆ ಕೊಡುತ್ತಾರೆ, ದೂರಕ್ಕೆ ತಕ್ಕಷ್ಟು ಮುಂಚಿತವಾಗಿ. ಲಯ ಸ್ವಲ್ಪ ಓಡಿದರೂ ಎಣಿಕೆ ಕೆಡುವುದರಿಂದ ಆ ಭಾಗದಲ್ಲಿ ಕಂಡಕ್ಟರ್ ನಡೆಯನ್ನು ಬಿಗಿಯಾಗಿ ಹಿಡಿಯಬೇಕು.

ಹುಲ್ಲುಹಾಸಿನ ಮೇಲೆ ಎಲ್ಲರಿಗೂ ಏಕಕಾಲಕ್ಕೆ ಸರಿಯಾಗಿ ಕೇಳುವುದು ಸಾಧ್ಯವಿಲ್ಲ. ತೋಪಿನ ಕಡೆ ಕೂತವರಿಗೆ ಮುಂಚೆ, ಆಚೆ ಕಡೆಯವರಿಗೆ ತಡ. ಆರ್ಕೆಸ್ಟ್ರಾ ಕೂರುವ ವೇದಿಕೆ ಹ್ಯಾಚ್ ಶೆಲ್‌ಗೆ ಎದುರು, ಆದಷ್ಟು ಹತ್ತಿರ ಜಾಗ ಹಿಡಿಯಿರಿ, ಹೊಂದಿಸುವುದು ಹೆಚ್ಚಾಗಿ ಅಲ್ಲಿನ ಕಿವಿಗೆ. ಟಿಕೆಟ್ ಇಲ್ಲ, ಆದರೆ ಭದ್ರತಾ ತಪಾಸಣೆ ಇದೆ, ಒಳಗೆ ಏನೇನು ಒಯ್ಯಬಾರದು ಎಂಬ ಪಟ್ಟಿಯನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡೇ ಹೊರಡಿ. ಅಪ್ಪ-ಅಮ್ಮನಿಗೆ ಕಿವಿಗೆ ಇಡುವ ಫೋಮ್ ಪ್ಲಗ್ ಒಂದೊಂದು ಜೊತೆ ಜೇಬಿನಲ್ಲಿರಲಿ.