ಸೆಕ್ಟರ್ ಫಂಡ್ ಖರೀದಿ–ಮಾರಾಟಕ್ಕೆ 200 ದಿನಗಳ ಸರಾಸರಿಯನ್ನು ನೆಚ್ಚಬಹುದೇ?

ಪ್ರಶ್ನೆ:
ನಿಫ್ಟಿ ಐಟಿ ಸೂಚ್ಯಂಕವು ತನ್ನ 200 ದಿನಗಳ ಚಲಿಸುವ ಸರಾಸರಿಯನ್ನು (ಕಳೆದ 200 ವಹಿವಾಟು ದಿನಗಳ ಮುಕ್ತಾಯ ಮಟ್ಟಗಳ ಸರಾಸರಿ) ದಾಟಿ ಮೇಲೇರಿದಾಗ ಐಟಿ ಫಂಡ್ (ಮುಖ್ಯವಾಗಿ ಐಟಿ ಷೇರುಗಳಲ್ಲಿ ಹಣ ಹೂಡುವ ಸೆಕ್ಟರ್ ಫಂಡ್) ಕೊಂಡು, ಕೆಳಗಿಳಿದಾಗ ಮಾರಬೇಕೆಂದಿದ್ದೇನೆ. ಜೊತೆಗೆ ಪಿಇ ಅನುಪಾತವನ್ನೂ (ಷೇರಿನ ಬೆಲೆ ಗಳಿಕೆಯ ಎಷ್ಟು ಪಟ್ಟು ಎಂಬುದು) ಗಮನಿಸಿದರೆ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
2022ರಲ್ಲಿ ಐಟಿ ಷೇರುಗಳು ಕಂಡಂತಹ ದೀರ್ಘ ಕುಸಿತದಲ್ಲಿ ಈ ಕ್ರಮ ನೆರವಾಗುತ್ತದೆ. ಆದರೆ ಸೂಚ್ಯಂಕವು ಸರಾಸರಿಯ ಆಸುಪಾಸಿನಲ್ಲೇ ತಿಂಗಳುಗಟ್ಟಲೆ ಹೊಯ್ದಾಡುವಾಗ, ದುಬಾರಿಗೆ ಕೊಂಡು ಅಗ್ಗಕ್ಕೆ ಮಾರುವುದೇ ಕೆಲಸವಾಗುತ್ತದೆ. ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: 2024ರ ಜುಲೈ 23ರಿಂದ, ಈಕ್ವಿಟಿ ಫಂಡನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20, ಅನಂತರ ಮಾರಿದರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5. ಎಕ್ಸಿಟ್ ಲೋಡ್ (ಬೇಗ ಮಾರಿದರೆ ಫಂಡ್ ಕಡಿತ ಮಾಡುವ ಶುಲ್ಕ) ಬೇರೆ.

ಉತ್ತರ 2:
ನನಗೆ ಹೆಚ್ಚು ಅನುಮಾನವಿರುವುದು ಪಿಇ ಬಗ್ಗೆ. 2021ರ ಮಾರ್ಚ್ ಅಂತ್ಯದಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯು ಕಂಪನಿಯೊಂದರದೇ ಗಳಿಕೆಯ ಬದಲು ಅಂಗಸಂಸ್ಥೆಗಳನ್ನೂ ಒಳಗೊಂಡ ಗಳಿಕೆಯನ್ನು ಆಧಾರವಾಗಿಸಿದಾಗ, ನಿಫ್ಟಿ 50ರ ಪಿಇ 40ರ ಆಸುಪಾಸಿನಿಂದ ಏಕಾಏಕಿ 33ರ ಆಸುಪಾಸಿಗೆ ಇಳಿಯಿತು, ಷೇರುಗಳೇನೂ ಅಗ್ಗವಾಗಿರಲಿಲ್ಲ. ಆದ್ದರಿಂದ ಪಿಇಯ ಹಳೆಯ ಸರಾಸರಿಯೊಂದಿಗಿನ ಹೋಲಿಕೆ ದಾರಿ ತಪ್ಪಿಸುತ್ತದೆ. ಉಕ್ಕಿನಂತಹ ಏರಿಳಿತದ ಉದ್ಯಮಗಳಲ್ಲಂತೂ ಲಾಭ ಶಿಖರದಲ್ಲಿದ್ದಾಗಲೇ ಪಿಇ ಕಡಿಮೆ ಕಾಣುತ್ತದೆ, ಅದು ಹಲವೊಮ್ಮೆ ಮಾರುವ ಕಾಲ! ಬ್ಯಾಂಕುಗಳಿಗೆ ಪುಸ್ತಕ ಮೌಲ್ಯದ (ಆಸ್ತಿಯಿಂದ ಸಾಲ ಕಳೆದು ಉಳಿಯುವ ಮೊತ್ತ) ಜೊತೆ ಷೇರಿನ ಬೆಲೆಯ ಅನುಪಾತವೇ ಹೆಚ್ಚು ಸೂಕ್ತ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸಂಕೇತ ಬಂದ ದಿನದ ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ಬೆಲೆ) ಸಿಗುತ್ತದೆಯೇ?

ಉತ್ತರ 1:
ಸಿಗುವುದಿಲ್ಲ. ಕೊಳ್ಳುವಾಗ, ಮಧ್ಯಾಹ್ನ 3 ಗಂಟೆಯೊಳಗೆ ಹಣ ಫಂಡಿನ ಖಾತೆಗೆ ತಲುಪಿದರೆ ಮಾತ್ರ ಆ ದಿನದ ಎನ್‌ಎವಿ ಅನ್ವಯಿಸುತ್ತದೆ. ನಿಮ್ಮ ಸಂಕೇತವೋ ಮಾರುಕಟ್ಟೆ ಮುಚ್ಚಿದ ಮೇಲಷ್ಟೇ ಖಚಿತವಾಗುತ್ತದೆ. ವಾರದ ಕೊನೆಯ ಮುಕ್ತಾಯ ದರವನ್ನು ಮಾತ್ರ ನೋಡಿ ನಿರ್ಧರಿಸಿದರೆ ಸುಳ್ಳು ಸಂಕೇತಗಳಾದರೂ ಕಡಿಮೆಯಾಗುತ್ತವೆ.