ಹೊಸ ಉಪ್ಪುನೀರಿನ ಟ್ಯಾಂಕ್, ಟ್ಯಾಂಗ್ ಮೀನಿನ ಮೈತುಂಬ ಬಿಳಿ ಚುಕ್ಕೆ, ಅರ್ಜೆಂಟ್!

ಕಡಲಹುಚ್ಚ: ಬ್ಲೂ ಟ್ಯಾಂಗ್ ಮೈಮೇಲೆ ರವೆ ಉದುರಿಸಿದ ಹಾಗೆ ಚುಕ್ಕೆ. ಔಷಧಿ ಹಾಕ್ದೆ, ಮಾಯ ಆಯ್ತು. ಈಗ ಮತ್ತೆ ದುಪ್ಪಟ್ಟು. ಕ್ಲೌನ್ ಮೀನು ಕೂಡ ತಿಂತಿಲ್ಲ. ಅಂಗಡಿಯವ ಫೋನೇ ಎತ್ತಲ್ಲ. ಬೇಗ ಹೇಳ್ರಪ್ಪಾ.

ರೀಫ್‌ರಂಗ: ಇಕ್. ಮೀನಿಗೆ ಅಂಟೋ ಸೂಕ್ಷ್ಮ ಪರಾವಲಂಬಿ. ಕಣ್ಮುಚ್ಚಿ ಹೇಳ್ತೀನಿ. ಚುಕ್ಕೆ ಹೋಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ. ಮೀನು ಬಿಟ್ಟು ಮರಳಿಗಿಳಿದು, ಅಲ್ಲಿ ನೂರಾರಾಗಿ ಒಡೆದು ವಾಪಸ್ ಬರುತ್ತೆ. ಕಾಪರ್, ಅಂದ್ರೆ ತಾಮ್ರದ ಔಷಧಿ ಹಾಕಿ, ಮುಗೀತು.

ಸಂಪ್‌ಸೋಮ: ಯಾವ ಔಷಧಿ? ಟ್ಯಾಂಕ್ ಎಷ್ಟು ಲೀಟರ್? ಒಳಗೆ ಇನ್ನೇನಿದೆ?

ರೀಫ್‌ರಂಗ: ಇಕ್‌ಗೆ ಲೀಟರ್ ಯಾಕೆ ಬೇಕು? ಕಾಪರ್.

ಸಂಪ್‌ಸೋಮ: ಡೋಸ್ ಏನು ನಿಮ್ಮ ಅಂದಾಜಿಗೆ ಹಾಕ್ತೀರಾ?

ಮಲ್ಪೆಮೀನು: ನಾವು ಸಮುದ್ರದ ನೀರೇ ತಂದು ಹಾಕೋದು ಮಾರಾಯ್ರೆ. 600 ಲೀಟರ್, ನೀರಿನ ರೋಗಾಣು ಕೊಲ್ಲೋಕೆ ಎರಡು ಯುವಿ ಲೈಟ್. ಆಹಾರಕ್ಕೆ ಬೆಳ್ಳುಳ್ಳಿ ರಸ. ಇಕ್ ಮುಖ ನೋಡಿಲ್ಲ.

ರೀಫ್‌ರಂಗ: ಬಂದರಿನ ನೀರಾ? ಡೀಸೆಲ್ ಸಮೇತ?

ಮಲ್ಪೆಮೀನು: ದೋಣಿಯಲ್ಲಿ ಒಳಗೆ ಹೋಗಿ ತರೋದು. ಬೆಂಗಳೂರಿನವರಿಗೆ ಪ್ಯಾಕೆಟ್ ಉಪ್ಪೇ ಗತಿ.

ಕಡಲಹುಚ್ಚ: ಸ್ವಾಮೀ, ನನ್ನ ಮೀನು ಸಾಯ್ತಿದೆ! ಅಂಗಡೀಲಿ ಕೊಟ್ಟಿದ್ದು, ನೀರು ನೀಲಿ ಆಗುತ್ತಲ್ಲ, ಅದು. ಟ್ಯಾಂಕ್ ಎಲ್ಲರ ಥರಾನೇ: ಲೈವ್ ರಾಕ್ (ಜೀವಾಣು ತುಂಬಿದ ಕಲ್ಲು), ಎರಡು ಸೀಗಡಿ, ಸ್ವಲ್ಪ ಜೊವಾಂಥಿಡ್ ಹವಳ.

ಸಂಪ್‌ಸೋಮ: ಸೀಗಡಿ, ಹವಳ ಇದ್ಯಾ! ಆ ಟ್ಯಾಂಕಿಗೆ ಕಾಪರ್ ಮುಟ್ಟಿಸಬೇಡಿ. ಅವು ಸಾಯ್ತವೆ, ಕಲ್ಲು ಮರಳು ಕಾಪರ್ ಹೀರ್ಕೊಂಡು ಕೂರ್ತವೆ. ಮೀನನ್ನೆಲ್ಲ ಬೇರೆ ಟಬ್ಬಿಗೆ ಹಾಕಿ: ಸ್ಪಂಜ್ ಫಿಲ್ಟರ್, ಹೀಟರ್, ಬಚ್ಚಿಟ್ಕೊಳ್ಳೋಕೆ ಪಿವಿಸಿ ತುಂಡು, ಅಷ್ಟೇ. ಚೀಲೇಟೆಡ್ ಕಾಪರ್ (ಬೇರೆ ಅಣುವಿಗೆ ಕಟ್ಟಿದ ತಾಮ್ರ) ಆದ್ರೆ 2ರಿಂದ 2.5 ಪಿಪಿಎಂ, ಅಂದ್ರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ನಿಧಾನಕ್ಕೆ ಏರಿಸಿ, ದಿನಾ ಟೆಸ್ಟ್ ಮಾಡಿ. ಕ್ಯುಪ್ರಮೈನ್ ಅನ್ನೋ ಇನ್ನೊಂದು ಕಾಪರ್ ಔಷಧಿಗೆ 0.5. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದ್ರೆ ಗೋವಿಂದ. ಅಮೋನಿಯಾ ಏರಿದ್ರೆ ನೀರು ಬದಲಿಸಿ, ಕ್ಯುಪ್ರಮೈನ್ ಜೊತೆ ಪ್ರೈಮ್ (ಅಮೋನಿಯಾ ತಗ್ಗಿಸೋ ದ್ರಾವಣ) ಬೇಡ. ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಇರಲಿ, ಅಂಟೋಕೆ ಮೀನು ಸಿಗದೆ ಇಕ್ ಸಾಯುತ್ತೆ.

ರೀಫ್‌ರಂಗ: ಅದೇ ನಾನೂ ಹೇಳಿದ್ದು. ಕಾಪರ್.

ಕಡಲಹುಚ್ಚ: 76 ದಿನಾನಾ?? ಅಂದಹಾಗೆ ಕ್ಲೌನ್ ಮೇಲೆ ಚುಕ್ಕೆ ಇಲ್ಲ. ಲೋಳೆ ಪೊರೆಪೊರೆಯಾಗಿ ಕಳಚ್ತಿದೆ, ಉಸಿರು ಜೋರು.

ರೀಫ್‌ರಂಗ: ಇಕ್ಕೇ. ಜಾಸ್ತಿಯಾಗಿದೆ.

ಸಂಪ್‌ಸೋಮ: ಇದನ್ನ ಮೊದಲೇ ಹೇಳ್ಬಾರ್ದಾ! ಅದು ಬ್ರೂಕ್ಲಿನೆಲ್ಲಾ ಅನ್ನೋ ಬೇರೆ ಪರಾವಲಂಬಿ ಇದ್ದ ಹಾಗಿದೆ, ಕ್ಲೌನ್‌ಗೆ ಬಹಳ. ಕಾಪರ್‌ಗೆ ಬಗ್ಗಲ್ಲ, ಫಾರ್ಮಲಿನ್ ಬೇಕು. ಅದು ವಿಷ, ಗ್ಲೌಸ್ ಹಾಕಿ, ಕಿಟಕಿ ತೆಗೀರಿ. ಟ್ಯಾಂಗ್ ವೇವ್‌ಮೇಕರ್ (ಅಲೆ ಎಬ್ಬಿಸೋ ಪಂಪ್) ಎದುರೇ ನಿಲ್ತಿದ್ಯಾ? ಚುಕ್ಕೆ ಧೂಳಿನಷ್ಟು ಸಣ್ಣಗಾದ್ರೆ ವೆಲ್ವೆಟ್ ಅನ್ನೋ ಬೇಗ ಕೊಲ್ಲೋ ರೋಗ, ನಾಳೆವರೆಗೂ ಕಾಯ್ಬೇಡಿ. ನೀಲಿ ಲೈಟ್ ಆರಿಸಿ, ಬಿಳಿ ಬೆಳಕಲ್ಲಿ ಫೋಟೋ ಹಾಕಿ.

ಮಲ್ಪೆಮೀನು: ಫೋಟೋ ಅಂದ್ರಲ್ಲ, ಇಗೊಳ್ಳಿ ನನ್ನ 600 ಲೀಟರ್. ಎಡಗಡೆ ನೀರಿನ ಕೊಳೆ ತೆಗೆಯೋ ಹೊಸ ಸ್ಕಿಮ್ಮರ್.

ಸಂಪ್‌ಸೋಮ: @ಕಡಲಹುಚ್ಚ ಇದೀರಾ?