ಸಿಲಿಕಾನ್ ಮಾದರಿಗಳಿಗೆ ‘ಸ್ಫಟಿಕ’ ಎನ್ನಬೇಕೆ, ‘ಹರಳು’ ಎನ್ನಬೇಕೆ?

ಮಾನ್ಯರೇ,

ಮೂಲಧಾತುಗಳ ಮಾದರಿಗಳನ್ನು ಕೂಡಿಡುವ ಹವ್ಯಾಸಿಗಳಿಗೆ ನೆರವಾಗಲೆಂದು ಕನ್ನಡದಲ್ಲಿ ಹೆಸರುಚೀಟಿಗಳನ್ನು ಬರೆಯುತ್ತಿದ್ದೇನೆ. ತಾಮ್ರ, ಗಂಧಕ, ತವರಗಳ ಚೀಟಿಗಳಲ್ಲಿ ತೊಡಕೇನೂ ಬರಲಿಲ್ಲ. ಆದರೆ ಸಿಲಿಕಾನಿನ ಚೀಟಿಯಲ್ಲಿ ಯಾವ ಪದ ಬರೆದರೂ ಓದುಗರು ಬೇರೆಯದೇ ವಸ್ತುವನ್ನು ಊಹಿಸಿಕೊಳ್ಳುವ ಸಾಧ್ಯತೆ ಕಾಣುತ್ತಿರುವುದರಿಂದ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದು ‘ಸಿಲಿಕಾನ್ ಸ್ಫಟಿಕ’. ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರುವ ಘನವಸ್ತು ಎಂಬ ಅರ್ಥದಲ್ಲಿ ‘ಸ್ಫಟಿಕ’ ವಿಜ್ಞಾನದ ಪಠ್ಯಗಳಲ್ಲಿ ನೆಲೆಗೊಂಡಿದೆ, ನಿಜ. ಆದರೆ ಸ್ಫಟಿಕದ ಮಣಿ, ಸ್ಫಟಿಕಲಿಂಗ ಎಂದು ಬಳಸಿ ಬಂದವರಿಗೆ ಅದು ಬಣ್ಣವಿಲ್ಲದ, ಬೆಳಕು ಹಾಯುವ ಬೆಣಚುಕಲ್ಲಿನ ಹೆಸರು. ಬೆಣಚುಕಲ್ಲೋ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಸಂಯುಕ್ತ. ಧಾತುರೂಪದ ಸಿಲಿಕಾನ್ ಅದಕ್ಕೆ ತದ್ವಿರುದ್ಧವಾಗಿ ಕಡುಬೂದು ಬಣ್ಣದ್ದು, ಲೋಹದಂತೆ ಹೊಳೆಯುವಂಥದ್ದು. ಕಣ್ಣಿಗೆ ಕಾಣುವ ಬೆಳಕು ಅದನ್ನು ಹಾದುಹೋಗುವುದಿಲ್ಲ. ಹೀಗಿರುವಾಗ ‘ಸಿಲಿಕಾನ್ ಸ್ಫಟಿಕ’ ಎಂಬ ಚೀಟಿಯನ್ನು ಓದಿದವರು ಬೆಣಚನ್ನೇ ನೆನೆದರೆ ಅವರ ತಪ್ಪೇನೂ ಇಲ್ಲ. ನಿಸರ್ಗದಲ್ಲಿ ಸಿಲಿಕಾನ್ ಬಹುತೇಕ ಆಮ್ಲಜನಕದೊಂದಿಗೆ ಕೂಡಿಯೇ ಇರುತ್ತದೆ, ಬಿಡಿ ಧಾತುವಾಗಿ ಸಿಗುವುದು ತೀರ ಅಪರೂಪದ ಸಣ್ಣ ಕಣಗಳಲ್ಲಿ ಮಾತ್ರ. ಸಂಗ್ರಾಹಕರ ಕೈಗೆ ಬರುವ ದೊಡ್ಡ ತುಂಡುಗಳೆಲ್ಲ ಕುಲುಮೆಯಿಂದ ಬಂದವು. ಪದ ತಪ್ಪು ದಾರಿಗೆ ಎಳೆದರೆ ಕುಲುಮೆಯ ವಸ್ತು ಗಣಿಯ ಕಲ್ಲಾಗಿಬಿಡುತ್ತದೆ.

ಎರಡನೆಯದು ‘ಹರಳು’. ಹರಳುಪ್ಪು, ಹರಳಿನ ಉಂಗುರ, ಹರಳುಗಟ್ಟು ಎಂಬ ಬಳಕೆಗಳು ಇರುವುದರಿಂದ ನನ್ನ ಒಲವು ಇದರ ಕಡೆಗೇ. ಸಿಲಿಕಾನಿನ ಚರಿತ್ರೆಗೂ ಈ ಪದ ಹೊಂದುತ್ತದೆ: 1824ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ ಪಡೆದದ್ದು ಹರಳುಗಟ್ಟದ ಪುಡಿ, 1854ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ದೆವಿಲ್ ಪಡೆದದ್ದು ಹರಳುರೂಪದ ಸಿಲಿಕಾನ್. ಕರಗಿದ ಅಲ್ಯುಮಿನಿಯಮ್‌ನಲ್ಲಿ ಹೆಚ್ಚು ಪ್ರಮಾಣದ ಸಿಲಿಕಾನನ್ನು ಬೆರೆಸಿ, ನಿಧಾನವಾಗಿ ತಣಿಸಿ, ಆಮೇಲೆ ಅಲ್ಯುಮಿನಿಯಮನ್ನಷ್ಟೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ತೆಗೆದರೆ ಉಳಿಯುವ ತೆಳು ಬಿಲ್ಲೆಗಳನ್ನು ಹರಳು ಎನ್ನಲು ಯಾರೂ ಹಿಂಜರಿಯಲಾರರು. ಅವುಗಳ ಮುಖ ಸಪಾಟಾಗಿರುತ್ತದೆ, ಅಂಚು ನೇರವಾಗಿರುತ್ತದೆ.

ತೊಡಕು ಇರುವುದು ಅಲ್ಲಲ್ಲ, ಚೊಕ್ರಾಲ್‌ಸ್ಕಿ ವಿಧಾನದಲ್ಲಿ ಬೆಳೆಸಿದ ಕಂಬಗಳಲ್ಲಿ. 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸಿಲಿಕಾನಿನ ಮಡುವಿಗೆ ಒಂದು ಬೀಜವನ್ನು, ಎಂದರೆ ಸಿಲಿಕಾನಿನದೇ ಸಣ್ಣ ಹರಳನ್ನು, ತಾಗಿಸಿ, ತಿರುಗಿಸುತ್ತ, ಮೆಲ್ಲಗೆ ಮೇಲಕ್ಕೆ ಎಳೆದು ಬೆಳೆಸಿದ ಆ ದುಂಡು ಕಂಬ ತುದಿಯಿಂದ ತುದಿಯವರೆಗೂ ಒಂದೇ ಹರಳು; ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಬೇಕಾದ ಅರೆವಾಹಕ ಬಿಲ್ಲೆಗಳನ್ನು ಕೊಯ್ಯುವುದು ಇದರಿಂದಲೇ. ಆದರೆ ಹರಳೆಂದರೆ ನಾವು ನಿರೀಕ್ಷಿಸುವ ಮುಖಗಳಾಗಲಿ ಮೂಲೆಗಳಾಗಲಿ ಅದಕ್ಕಿಲ್ಲ. ಉಜ್ಜಿ ನಯಗೊಳಿಸದ ಕಂಬವಾದರೆ ಮೈಮೇಲೆ ಉದ್ದಕ್ಕೂ ಸಾಗುವ ಸಣ್ಣ ಏಣುಗಳು ಕಾಣುತ್ತವೆ, ಹರಳಿನ ಒಳಜೋಡಣೆಯಲ್ಲಿ ‘100’ ಎಂದು ಗುರುತಿಸುವ ದಿಕ್ಕಿನಲ್ಲಿ ಬೆಳೆದ ಕಂಬಕ್ಕೆ ಇಂಥವು ನಾಲ್ಕು. ಒಳಗಿನ ಕ್ರಮ ಹೊರಗೆ ತೋರುವುದು ಅಷ್ಟರಲ್ಲೇ. ಇನ್ನೊಂದೆಡೆ, ಬೆಣಚು ಮತ್ತು ಇಂಗಾಲವನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಪಡೆದ ಗಟ್ಟಿಯನ್ನು ಒಡೆದು ನೋಡಿದರೆ, ಒಡಕಿನ ಮೇಲೆ ಹತ್ತಾರು ಕನ್ನಡಿತುಣುಕುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮಿನುಗುತ್ತವೆ. ನೋಡುವವರು ಇದನ್ನೇ ‘ಎಂಥ ಹರಳು!’ ಎಂದು ಮೆಚ್ಚುತ್ತಾರೆ. ವಾಸ್ತವದಲ್ಲಿ ಅದು ಅಸಂಖ್ಯ ಹರಳುಗಳು ಒತ್ತೊತ್ತಾಗಿ ಸೇರಿದ ಮುದ್ದೆ. ಟ್ರೈಕ್ಲೋರೋಸಿಲೇನ್ ಅನಿಲದಿಂದ ಬಿಸಿ ಸರಳಿನ ಮೇಲೆ ಪದರಗಟ್ಟಿಸಿದ ಸಿಲಿಕಾನಿನ ಮೈಯಂತೂ ಹೂಕೋಸಿನಂತೆ ಗಂಟುಗಂಟು, ಅದೂ ಬಹುಹರಳಿನದೇ. ಹೀಗೆ ಒಂದೇ ಹರಳಾದದ್ದು ಹರಳಿನಂತೆ ಕಾಣುವುದಿಲ್ಲ, ಹರಳಿನಂತೆ ಮಿನುಗುವುದು ಒಂದೇ ಹರಳಲ್ಲ.

ಆದುದರಿಂದ ಕಂಬದ ತುಂಡಿಗೆ ‘ಏಕಹರಳು ಸಿಲಿಕಾನ್’, ಕುಲುಮೆಯ ತುಂಡಿಗೆ ‘ಬಹುಹರಳು ಸಿಲಿಕಾನ್ ಗಟ್ಟಿ’ ಎಂದು ಬರೆಯುವ ಯೋಚನೆ ಇದೆ. ಚಿನ್ನದ ಗಟ್ಟಿ, ಬೆಳ್ಳಿ ಗಟ್ಟಿ ಎಂಬ ಮಾತು ಇದ್ದೇ ಇರುವುದರಿಂದ ‘ಗಟ್ಟಿ’ಯ ಬಗ್ಗೆ ನನಗೆ ಅನುಮಾನವಿಲ್ಲ. ಸಂಸ್ಕೃತದ ‘ಏಕ’, ‘ಬಹು’ಗಳನ್ನು ಕನ್ನಡದ ‘ಹರಳಿ’ಗೆ ಅಂಟಿಸುವುದು ಅರಿಸಮಾಸವಾಗುತ್ತದೆಂಬ ಆಕ್ಷೇಪ ಬರಬಹುದು. ‘ಒಂಟಿಹರಳು’ ಎಂದರೆ ಆ ದೋಷ ತಪ್ಪುತ್ತದೆ, ಆದರೆ ಜೊತೆ ತಪ್ಪಿದ ಹರಳು ಎಂಬ ಛಾಯೆ ಬಂದುಬಿಡುತ್ತದೆ.

ಮೂರನೆಯ ಪ್ರಶ್ನೆ ‘ಕೃತಕ’ ಎಂಬ ವಿಶೇಷಣದ್ದು. ಮಾದರಿ ನಿಸರ್ಗದ್ದೋ ಮನುಷ್ಯ ಮಾಡಿದ್ದೋ ಎಂಬುದನ್ನು ಚೀಟಿಯಲ್ಲಿ ನಮೂದಿಸುವುದು ಪ್ರಾಮಾಣಿಕ ಸಂಗ್ರಾಹಕರ ರೂಢಿ. ಆದರೆ ‘ಕೃತಕ ಹರಳು’ ಎಂದೊಡನೆ ನೆನಪಾಗುವುದು ಆಭರಣದ ನಕಲಿ ಕಲ್ಲು. ಇಲ್ಲಿರುವುದು ನೂರಕ್ಕೆ ನೂರು ನಿಜವಾದ ಸಿಲಿಕಾನೇ, ಹುಟ್ಟಿದ ಸ್ಥಳವಷ್ಟೇ ಬೇರೆ. ‘ಕುಲುಮೆಯಲ್ಲಿ ಬೆಳೆಸಿದ್ದು’ ಎಂಬುದು ತುಸು ಉದ್ದವಾದರೂ ಯಾರ ಮೇಲೂ ಸಂಶಯ ಹುಟ್ಟಿಸುವುದಿಲ್ಲ. ಕಾಮನಬಿಲ್ಲಿನ ಬಣ್ಣ ಹೊಳೆಯುವ ಸಿಲಿಕಾನ್ ಕಾರ್ಬೈಡ್ ಗೊಂಚಲುಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ಸಿಲಿಕಾನ್ ಮತ್ತು ಇಂಗಾಲದ ಸಂಯುಕ್ತವಾದ್ದರಿಂದ ಬರಿಯ ‘ಸಿಲಿಕಾನ್’ ಎಂದು ಬರೆಯುವುದು ಮಾತ್ರ ಸರಿಯಲ್ಲ.

ಇನ್ನು ‘ಶುದ್ಧ ಸಿಲಿಕಾನ್’ ಎಂಬುದನ್ನು ಧಾತುರೂಪದ್ದು ಎಂಬ ಅರ್ಥದಲ್ಲಿ ಬಳಸುವುದನ್ನು ನಾನು ಒಪ್ಪಲಾರೆ. ಕುಲುಮೆಯ ಗಟ್ಟಿಯಲ್ಲಿ ಸಾಮಾನ್ಯವಾಗಿ ಶೇಕಡಾ 98ರಿಂದ 99ರಷ್ಟು ಸಿಲಿಕಾನ್ ಇರುತ್ತದೆ. ಅದು ಧಾತುರೂಪದ್ದೇ, ಆದರೆ ಅರೆವಾಹಕ ತಯಾರಿಸುವವರ ಲೆಕ್ಕದಲ್ಲಿ ಶುದ್ಧವಲ್ಲ. ವ್ಯಾಪಾರದಲ್ಲಿ ಚಾಲ್ತಿಯಲ್ಲಿರುವ ‘ಸಿಲಿಕಾನ್ ಮೆಟಲ್’ ಎಂಬುದನ್ನು ‘ಸಿಲಿಕಾನ್ ಲೋಹ’ ಎಂದು ಮಾಡುವುದೂ ಬೇಡವೆನಿಸುತ್ತದೆ, ಏಕೆಂದರೆ ಸಿಲಿಕಾನ್ ಲೋಹವಲ್ಲ.

ನಾನು ಮುಖ್ಯವಾಗಿ ಕೇಳುವುದು ಎರಡನ್ನು. ಮುಖಗಳೇ ಇಲ್ಲದ ದುಂಡು ಕಂಬವನ್ನು ‘ಹರಳು’ ಎಂದರೆ ತಮ್ಮ ಕಿವಿಗೆ ಒಗ್ಗುತ್ತದೆಯೇ, ಅಥವಾ ಅಲ್ಲಿಗೆ ಮಾತ್ರ ‘ಏಕಸ್ಫಟಿಕ’ವನ್ನು ಉಳಿಸಿಕೊಳ್ಳುವುದು ಲೇಸೇ? ಮನುಷ್ಯರು ಬೆಳೆಸಿದ್ದು, ಆದರೆ ನಕಲಿಯಲ್ಲ ಎಂಬುದನ್ನು ಒಂದೇ ಪದದಲ್ಲಿ ಹೇಳುವ ಬಳಕೆ ಅಕ್ಕಸಾಲಿಗರ ಮಾತಿನಲ್ಲಾಗಲಿ, ಹರಳು ಸಾಣೆ ಹಿಡಿಯುವವರ ಮಾತಿನಲ್ಲಾಗಲಿ ಇದ್ದರೆ, ಅದನ್ನು ವಾಕ್ಯದಲ್ಲಿ ಬಳಸಿ ತೋರಿಸಬೇಕಾಗಿ ಕೋರುತ್ತೇನೆ.